ನರಸಿಂಹಪ್ಪ ಮೇಷ್ಟ್ರು ಕಲಿಸಿದ ನಡಿಗೆಗಳು

ಶಿಡ್ಲಘಟ್ಟದಲ್ಲಿ ನನಗೀಗ ಗುರುದ್ರೋಹಿ ಎಂಬ ಹೆಸರು ಬಂದಿದೆಯಂತೆ. ಬರಲಿ ಬಿಡಿ. ಅದಕ್ಕೆ ಮುಂಚೆ ಮೋಸಗಾತಿ ಎಂಬ ಹೆಸರಿತ್ತು. ಅದಕ್ಕೂ ಮುಂಚೆ, ಲಂಗ ಹಾಕಿಕೊಂಡು ಓಡಾಡುವಾಗ, ಕುಂಟುರತ್ನ ಎನ್ನುತ್ತಿದ್ದರು. ಕುಂಟು ದೇವರು ಕೊಟ್ಟದ್ದು, ಅವನ ಹತ್ತಿರ ಜಗಳಕ್ಕೆ ಹೋಗಲಾರೆ. ಮಿಕ್ಕ ಎರಡು ಹೆಸರು ಬಂದದ್ದು ನನಗೆ ಇಂಗ್ಲಿಷ್ ಕಲಿಸಿದ ನರಸಿಂಹಪ್ಪ ಮೇಷ್ಟ್ರಿಂದ. ಹೋದ ತಿಂಗಳು ಅವರ ಸನ್ಮಾನದಲ್ಲಿ ನೀನು ಹಾಗೇಕೆ ಮಾಡಿದೆ ಎಂದು ಬಸ್ಸಿನಲ್ಲಿ, ಸಂತೆಯಲ್ಲಿ ಅಡ್ಡಹಾಕಿ ಕೇಳುವವರಿಗೆಲ್ಲ ನಿಂತು ಉತ್ತರ ಕೊಡಲು ನನಗೆ ಪುರುಸೊತ್ತಿಲ್ಲ. ಆದ್ದರಿಂದ ಒಂದೇ ಸಲ ಬರೆದು ಹಾಕುತ್ತಿದ್ದೇನೆ. ಮೇಷ್ಟ್ರ ಒಳ್ಳೆಯ ಗುಣವನ್ನು ಮುಚ್ಚಿಡುವವಳು ನಾನಲ್ಲ, ಅದನ್ನೂ ಬರೆಯುತ್ತೇನೆ.

ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಎಂದರೆ ಎಲ್ಲರಿಗೂ ಚಳಿ ಜ್ವರ. ಹೊಲದಿಂದ, ರೇಷ್ಮೆ ಹುಳು ಮನೆಯಿಂದ ಎದ್ದು ಬಂದ ಮಕ್ಕಳು ನಾವು. ಅಂಥ ನಮಗೆ ಇಂಗ್ಲಿಷಿನ ರುಚಿ ಹತ್ತಿಸಿದವರು ಈ ನರಸಿಂಹಪ್ಪ ಮೇಷ್ಟ್ರು. ಕರೀ ಕೋಟು, ಕಚ್ಚೆಪಂಚೆ, ತಲೆಗೆ ರುಮಾಲು. ದಪ್ಪ ಮೀಸೆಯಡಿಯಲ್ಲಿ ಯಾವಾಗಲೂ ನಗು. ಬೆತ್ತ ಹಿಡಿದದ್ದನ್ನು ನಾನಂತೂ ಕಾಣೆ. ಮೊದಲನೆಯ ದಿನವೇ ಬೋರ್ಡಿನ ಮೇಲೆ 'ವಾಕ್' ಎಂದು ದೊಡ್ಡದಾಗಿ ಬರೆದರು.

"ವಾಕ್ ಅಂದ್ರೇನ್ರೋ?"

"ನಡೆಯೋದು ಸಾ!"

"ಸರಿ. ಊರಲ್ಲಿ ಎಲ್ರೂ ಒಂದೇ ಥರ ನಡೀತಾರೇನ್ರೋ? ಏಳ್ರೋ, ಹೊರಕ್ ನಡೀರಿ."

ನಮ್ಮನ್ನೆಲ್ಲ ಸ್ಕೂಲಿನ ಜಗಲಿಯ ಮೇಲೆ ಸಾಲಾಗಿ ಕೂರಿಸಿದರು. ಎದುರಿಗೇ ಸಂತೆಗೆ ಹೋಗುವ ರಸ್ತೆ. ಶಾನುಭೋಗರು ಎದೆ ಮುಂದೆ ಮಾಡಿಕೊಂಡು ಬೀಗುತ್ತಾ ಬಂದರೆ "ಅದು ಸ್ಟ್ರಟ್" ಎಂದು ಮೇಷ್ಟ್ರು ಪಿಸುಗುಡುತ್ತಿದ್ದರು. ಜವಳಿ ಅಂಗಡಿಯ ದಪ್ಪ ಶೆಟ್ಟರು ಬಾತುಕೋಳಿಯ ಹಾಗೆ ಆ ಕಡೆ ಈ ಕಡೆ ವಾಲಾಡುತ್ತಾ ಬಂದರೆ ಅದು ವಾಡಲ್. ಸೊಪ್ಪಿನ ಹೊರೆ ಹೊತ್ತು, ಸೋತ ಕಾಲನ್ನು ಒಂದೊಂದಾಗಿ ಕಿತ್ತಿಡುವ ಹೆಂಗಸಿನದು ಟ್ರಡ್ಜ್. ಚಪ್ಪಲಿ ಎಳೆಯುತ್ತಾ ಬರುವ ಪೋಸ್ಟಿನವನದು ಶಫಲ್. ಪಾನನಿರೋಧ ಜಾರಿಯಲ್ಲಿದ್ದರೂ ಹಿತ್ತಲಲ್ಲಿ ಕದ್ದು ಕುಡಿದು ತೂರಾಡುತ್ತಾ ಬರುವವನಿಗೂ ಒಂದು ಪದ ಇತ್ತು, ಸ್ಟ್ಯಾಗರ್. ಅಡಿಗೆ ಮನೆಯಿಂದ ಬೆಲ್ಲ ಕದಿಯಲು ತುದಿಗಾಲಲ್ಲಿ ಹೋಗುವುದು ಟಿಪ್‌ಟೋ ಎಂದು ತಾವೇ ಎದ್ದು, ಪಂಚೆ ಎತ್ತಿ ಹಿಡಿದು ಜಗಲಿಯ ಉದ್ದಕ್ಕೂ ನಡೆದು ತೋರಿಸಿದರು. ನಾವು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಆ ಪದಗಳಲ್ಲಿ ಒಂದನ್ನೂ ನಾನು ಇವತ್ತಿನವರೆಗೆ ಮರೆತಿಲ್ಲ. ಊರಿನವರೆಲ್ಲ ಅವರನ್ನು ವಾಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಅವರಿಗೂ ಅದು ಹೆಮ್ಮೆಯಾಗಿತ್ತು.

ನನ್ನ ಕಾಲಿನ ಕತೆ ಇಷ್ಟೇ. ಶಿಡ್ಲಘಟ್ಟಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಅಪ್ಪ ರಾಮಾಂಜಿನಪ್ಪ, ಅಮ್ಮ ನಾರಾಯಣಮ್ಮ. ಹಿಪ್ಪುನೇರಳೆ ತೋಟವಿತ್ತು, ರೇಷ್ಮೆ ಹುಳು ಸಾಕುತ್ತಿದ್ದರು. ಚಿಕ್ಕವಳಿದ್ದಾಗ ಸೊಪ್ಪಿನ ಗಾಡಿಯ ಮೇಲಿಂದ ಬಿದ್ದು ಎಡಗಾಲು ಮುರಿಯಿತು. ನಾಟಿ ಕಟ್ಟು ಕಟ್ಟಿಸಿದರು. ಮೂಳೆ ಕೂಡಿಕೊಂಡಿತು, ಆದರೆ ಕಾಲು ಒಂದಿಷ್ಟು ಗಿಡ್ಡವಾಗಿ ಉಳಿಯಿತು. ನೋವಿಲ್ಲ, ಸಂಕಟವಿಲ್ಲ. ಸೊಪ್ಪು ಹೊರುತ್ತಿದ್ದೆ, ನೀರು ತರುತ್ತಿದ್ದೆ, ಬೇಕೆಂದರೆ ಓಡುತ್ತಲೂ ಇದ್ದೆ. ನೋಡುವವರ ಕಣ್ಣಿಗೆ ಮಾತ್ರ ತೊಂದರೆ.

ಎಂಟನೆಯ ಕ್ಲಾಸಿಗೆ ಸ್ಕೂಲು ಬಿಡಿಸುತ್ತೇನೆ ಎಂದು ಅಪ್ಪ ಹಟ ಹಿಡಿದಾಗ ನಮ್ಮ ಮನೆ ಜಗಲಿಗೆ ಬಂದು ಕೂತವರು ಇದೇ ಮೇಷ್ಟ್ರು. ಇಬ್ಬರೂ ಬಾಲ್ಯದ ಗೆಳೆಯರು.

"ಲೋ ರಾಮಾಂಜಿ, ಈ ಮಗೀನ ಸ್ಕೂಲ್ ಬಿಡಿಸ್ಬೇಡ ಕಣೋ. ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಸೋ ಜವಾಬ್ದಾರಿ ನಂದು. ಆಮೇಲೆ ಟ್ರೈನಿಂಗ್‌ಗೆ ಕಳ್ಸಣ. ಮೇಷ್ಟ್ರಮ್ಮ ಆಗ್ತಾಳೆ ನೋಡ್ತಿರು."

"ಮದ್ವೆ ಯಾರ್ ಮಾಡ್ಕೋತಾರಪ್ಪ ಆಮೇಲೆ?"

"ಪರೀಕ್ಷೆ ಆಗೋವರ್ಗೂ ಮದ್ವೆ ಮಾತು ಎತ್ಬೇಡ. ನಂಗ್ ಮಾತ್ ಕೊಡು."

ಅಪ್ಪ ಮಾತು ಕೊಟ್ಟ. ಬಾಗಿಲ ಹಿಂದೆ ನಿಂತಿದ್ದ ನನಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು. ಮೇಷ್ಟ್ರಮ್ಮ! ಜಗತ್ತಿನಲ್ಲಿ ನನಗೆ ಬೇಕಿದ್ದದ್ದು ಅದೊಂದೇ. ನಮ್ಮ ಕಡೆ ಹೆಣ್ಣು ಮೇಷ್ಟ್ರನ್ನು ನಾನು ನೋಡಿದ್ದು ಒಂದೇ ಒಂದು ಸಲ, ಚಿಕ್ಕಬಳ್ಳಾಪುರದ ಸ್ಟೇಷನ್ನಿನಲ್ಲಿ. ಕೊಡೆ ಹಿಡಿದುಕೊಂಡು, ಯಾರಿಗೂ ದಾರಿ ಬಿಡದೆ ನಡೆದುಹೋದರು. ಅವರ ಕೊಡೆ ನನ್ನ ಕನಸಿನಲ್ಲೆಲ್ಲ ಬರುತ್ತಿತ್ತು.

ಐವತ್ನಾಲ್ಕರಲ್ಲಿ ಹತ್ತನೆಯ ಕ್ಲಾಸಿಗೆ ಬಂದಾಗ ಮೇಷ್ಟ್ರು ನನಗೊಬ್ಬಳಿಗೇ ಬೇರೆ ಪಾಠ ಶುರು ಮಾಡಿದರು. ಸಂಜೆ ಕೆರೆ ಏರಿಯ ಮೇಲೆ. ಅಮ್ಮ ಜೊತೆಗೆ ಬಂದು ಏರಿಯ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಮೇಷ್ಟ್ರು ಹೇಳಿದರು:

"ಎಲ್ಲಾ ಪದಾನೂ ಬಾಯಿಪಾಠ ಮಾಡಿದ್ರೆ ಬರಲ್ಲಮ್ಮ. ಮೈಗೆ ಹತ್ತಬೇಕು. ಇವತ್ತು ಸ್ಟ್ರೋಲ್. ಅಂದ್ರೆ ಯಾವ ಅವಸರಾನೂ ಇಲ್ದೆ, ಗಾಳಿ ತಗೊಳ್ತಾ ನಡೆಯೋದು. ಎಲ್ಲಿ, ನಡಿ ನೋಡಣ."

ನಡೆದೆ. ಅವರು ನಗಲಿಲ್ಲ. "ಎಡಗಾಲಿನ ಹಿಮ್ಮಡಿ ನೆಲಕ್ಕೆ ಮುಟ್ಟಿಸ್ಬೇಡ. ಮುಂಗಾಲ್ ಮೇಲೆ ಇಳಿ. ಬಲಗಾಲಿನ ಮಂಡಿ ಒಂಚೂರು ಸಡಿಲ ಬಿಡು. ನೆಲ ನೋಡ್ಬೇಡ. ನಿಧಾನ, ನಿಧಾನ" ಎಂದರು. ಹುಲ್ಲು ತುಂಬಲು ಅಮ್ಮ ತಂದ ಖಾಲಿ ಮಂಕರಿಯನ್ನು ತಲೆಯ ಮೇಲೆ ಇರಿಸಿದರು, ಅದು ಅಲುಗಬಾರದು. ಸ್ಟ್ರಟ್ಟೂ ಇಲ್ಲ, ಟ್ರಡ್ಜೂ ಇಲ್ಲ, ದಿನವೂ ಅದೇ ಸ್ಟ್ರೋಲ್. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಮಂಕರಿ ಅಲುಗುವುದು ನಿಂತಿತ್ತು. ಏರಿಯ ಮೇಲೆ ಎದುರಿಗೆ ಬಂದವರು ನನ್ನ ಕಾಲನ್ನು ನೋಡದೆ ಮುಖ ನೋಡಿ ಹೋಗುತ್ತಿದ್ದರು. ಕಾಲು ಮುರಿದ ಮೇಲೆ ಮೊದಲನೆಯ ಸಲ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಆ ಸುಖ ಏನೆಂದು ನೆಟ್ಟಗೆ ನಡೆಯುವವರಿಗೆ ಹೇಳಿದರೆ ತಿಳಿಯುವುದಿಲ್ಲ.

ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ. "ಮೇಷ್ಟ್ರೇ, ಎಲ್ಲಾರ್ ನಡಿಗೆಗೂ ಪದ ಹೇಳ್ಕೊಟ್ರಿ. ನನ್ ನಡಿಗೆಗೆ ಇಂಗ್ಲಿಷಲ್ಲಿ ಏನಂತಾರೆ?"

ಅವರು ರುಮಾಲು ಸರಿಮಾಡಿಕೊಂಡರು. "ಆ ಪದ ನಿಂಗ್ಯಾಕಮ್ಮ? ಅದು ಪರೀಕ್ಷೆಗೆ ಬರಲ್ಲ."

ಆ ರಾತ್ರಿ ಕೌದಿಯೊಳಗೆ ಮುಖ ಮುಚ್ಚಿಕೊಂಡು ಅತ್ತೆ. ದುಃಖಕ್ಕಲ್ಲ. ಊರೆಲ್ಲ ಕುಂಟಿ ಎನ್ನುವಾಗ ಆ ಪದವನ್ನು ನನ್ನ ಕಿವಿಗೆ ಬೀಳದ ಹಾಗೆ ಕಾಪಾಡುವ ಮನುಷ್ಯ ಒಬ್ಬನಾದರೂ ಇದ್ದಾನಲ್ಲ ಎಂದು. ಅಪ್ಪನಿಗಿಂತ ಹೆಚ್ಚಾಗಿ ನಂಬಿದೆ. ಥೂ, ಈಗ ನೆನೆದರೆ ಮೈ ಉರಿಯುತ್ತದೆ.

ಪರೀಕ್ಷೆಗೆ ಇನ್ನು ಸ್ವಲ್ಪ ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಅಮ್ಮ ನನಗೆ ತಲೆಗೆ ನೀರು ಹಾಕಿ ತನ್ನ ಧಾರೆ ಸೀರೆ ಉಡಿಸಿದಳು. ಚಿಂತಾಮಣಿ ಕಡೆಯವರು ಹೆಣ್ಣು ನೋಡಲು ಬರುತ್ತಾರೆ ಎಂದಳು.

"ಅಪ್ಪ ಮೇಷ್ಟ್ರಿಗೆ ಮಾತ್ ಕೊಟ್ಟಿತ್ತಲ್ಲಮ್ಮ!"

"ಸುಮ್ನಿರು ಕಣೇ. ಬಂದೋರು ನೋಡ್ಕೊಂಡ್ ಹೋಗ್ತಾರೆ" ಎಂದು ಅಮ್ಮ ಮುಖ ತಿರುಗಿಸಿದಳು.

ಕಿಟಕಿಯಿಂದ ನೋಡುತ್ತಿದ್ದೆ. ಬಂದವರು ಹಜಾರದಲ್ಲಿ ಕೂತರು. ಹುಡುಗ ಆವಲಪ್ಪ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ಅವನ ತಾಯಿ ಮುನಿಶಾಮಮ್ಮ ಮನೆಯ ತೊಲೆ, ಕಂಬ, ಹಟ್ಟಿಯ ದನ ಎಲ್ಲವನ್ನೂ ಕಣ್ಣಲ್ಲೇ ಅಳೆಯುತ್ತಿದ್ದಳು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಕರೀ ಕೋಟು ಕಾಣಿಸಿತು. ನರಸಿಂಹಪ್ಪ ಮೇಷ್ಟ್ರು! ಸದ್ಯ, ಬಂದರಲ್ಲ ಎಂದು ಎದೆ ತಣ್ಣಗಾಯಿತು. ಇನ್ನು ಇವರನ್ನೆಲ್ಲ ಎಬ್ಬಿಸಿ ಕಳಿಸುತ್ತಾರೆ, ಅಪ್ಪನಿಗೆ ನಾಲ್ಕು ಬಿಗಿಯುತ್ತಾರೆ ಎಂದುಕೊಂಡು ಎಲೆ ಅಡಿಕೆಯ ತಟ್ಟೆ ಹಿಡಿದು ಧೈರ್ಯವಾಗಿಯೇ ಹೊರಗೆ ಬಂದು ಕೂತೆ.

ಮೇಷ್ಟ್ರು ಅಪ್ಪನ ಪಕ್ಕದಲ್ಲೇ ಕೂತರು. ಎಬ್ಬಿಸುವ ಲಕ್ಷಣ ಕಾಣಲಿಲ್ಲ. ಮುನಿಶಾಮಮ್ಮ ನನ್ನ ಹೆಸರು ಕೇಳಿದಳು, ರೊಟ್ಟಿ ತಟ್ಟಲು ಬರುತ್ತದೆಯೇ ಎಂದು ಕೇಳಿದಳು, ಜಡೆ ಎಳೆದು ನೋಡಿದಳು. ಆಮೇಲೆ ತಮ್ಮ ಕಡೆಯ ತೆಲುಗಿನಲ್ಲಿ, "ಏಮ್ಮಾ, ಕೊಂಚೆಂ ನಡಿಚಿ ಚೂಪಿಂಚು" ಎಂದಳು. ಸ್ವಲ್ಪ ನಡೆದು ತೋರಿಸು ಎಂದು. ಹೆಣ್ಣು ನೋಡಲು ಬಂದವರು ಎಲ್ಲರೂ ಕೇಳುವುದೇ ಅದು. ಅಪ್ಪ ನೆಲ ನೋಡಿದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಕ್ಲಾಸಿನಲ್ಲಿ ಹೇಳುವ ಹಾಗೇ, "ಸ್ಟ್ರೋಲ್, ರತ್ನ" ಎಂದರು.

ನನಗೆ ಯೋಚನೆ ಮಾಡಲು ಬಿಡುವಿರಲಿಲ್ಲ. ದಿನಾ ಸಂಜೆ ಆ ಮಾತು ಕೇಳಿ ಕೇಳಿ ಕಾಲುಗಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಎದ್ದೆ. ಮುಂಗಾಲಿನ ಮೇಲೆ ಇಳಿದು, ಮಂಡಿ ಸಡಿಲ ಬಿಟ್ಟು, ಹಜಾರದ ಈ ತುದಿಯಿಂದ ಆ ತುದಿಗೆ ನಡೆದು, ತಿರುಗಿ ಬಂದು ಕೂತೆ. ಸೀರೆಯ ನೆರಿಗೆ ಕೂಡ ಆಚೀಚೆ ಅಲುಗಲಿಲ್ಲ.

"ಚೆನ್ನಾಗೈತೆ ನಡಿಗೆ. ಯಾರೋ ಪಾಪಿ, ಹುಡುಗಿ ಕಾಲು ಊನ ಅಂದಿದ್ರು ನಂಗೆ. ಊರೋರ್ ಬಾಯಿ ನೋಡು!" ಎಂದು ಮುನಿಶಾಮಮ್ಮ ನಕ್ಕಳು. ಅಪ್ಪನೂ ಮೇಷ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ನಗುವಿನಲ್ಲಿ ನನಗೆ ಎಲ್ಲವೂ ತಿಳಿಯಿತು. ಕೆರೆ ಏರಿ, ಮಂಕರಿ, ಮುಂಗಾಲು, ಹುಲ್ಲು ಕೊಯ್ಯಲು ಬರುತ್ತಿದ್ದ ಅಮ್ಮ. ಎಲ್ಲರೂ ಸೇರಿ ಮಾಡಿದ ಕೆಲಸ. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ. ಒಳಗೆ ಹೋದ ಮೇಲೆ ಬಾಗಿಲ ಸಂದಿಯಿಂದ ಅಪ್ಪನ ಮಾತು ಕೇಳಿಸಿತು: "ನರಸಿಂಹಪ್ಪ, ನಿನ್ ಋಣ ಈ ಜನ್ಮದಲ್ಲಿ ತೀರಲ್ಲ ಕಣೋ. ಹೇಳ್ದಂಗೇ ಮಾಡ್ದೆ." ಮೇಷ್ಟ್ರು ಹೇಳಿದರು: "ನಾನ್ ಹೇಳಿರ್ಲಿಲ್ವಾ? ಇವಳು ಕುಂಟಿ ಅಂತ ಯಾವನಾದ್ರೂ ಕಂಡುಹಿಡೀಲಿ ನೋಡಣ!"

ಅವರು ಇದನ್ನು ದುಡ್ಡಿಗೆ ಮಾಡಲಿಲ್ಲ, ಅದನ್ನು ಒಪ್ಪುತ್ತೇನೆ. ಬರೀ ಹೆಮ್ಮೆಗೆ ಮಾಡಿದರು. ತಮ್ಮ ಪಾಠದಿಂದ ಏನು ಬೇಕಾದರೂ ಆಗುತ್ತದೆ ಎಂದು ಗೆಳೆಯನಿಗೆ ತೋರಿಸಬೇಕಿತ್ತು, ತೋರಿಸಿದರು.

ಮಾರನೆಯ ದಿನ ಏರಿಯ ಮೇಲೆ ಅವರನ್ನು ಹಿಡಿದು ಕೇಳಿದೆ. "ಪರೀಕ್ಷೆ ಆಗೋವರ್ಗೂ ಮದ್ವೆ ಇಲ್ಲ ಅಂತ ನೀವೇ ಮಾತು ಈಸ್ಕೊಂಡಿದ್ರಲ್ಲ ಮೇಷ್ಟ್ರೇ?"

"ಅಯ್ಯೋ ಹುಚ್ಚಿ, ಪರೀಕ್ಷೆ ಎಲ್ಲಿಗ್ ಹೋಗುತ್ತೆ? ಮದ್ವೆ ಆದ್ಮೇಲೂ ಬರೀಬೋದು. ನಾನ್ ಆ ಹುಡುಗನ್ ಕೈಲಿ ಮಾತಾಡಿದೀನಿ. ಅವನೇ ನಿನ್ನ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡ್ ಬಂದು ಪರೀಕ್ಷೆ ಬರೆಸ್ತಾನೆ."

"ನಿಜವಾಗ್ಲೂ?"

"ನಾನ್ಯಾವತ್ತಾದ್ರೂ ನಿಂಗೆ ಸುಳ್ ಹೇಳಿದೀನೇನಮ್ಮ?"

ಏನು ಹೇಳಲಿ? ಮತ್ತೆ ನಂಬಿದೆ. ನಂಬದೆ ಇದ್ದರೆ ನನ್ನ ಹತ್ತಿರ ಬೇರೆ ಏನಿತ್ತು?

ಪರೀಕ್ಷೆಯ ವಾರಕ್ಕೆ ಮುಂಚೆಯೇ ಮದುವೆಯಾಯಿತು. ಹಸೆಯ ಮೇಲೆ ಕೂತದ್ದೇ ಹೆಚ್ಚು, ನಡೆದದ್ದು ಕಮ್ಮಿ. ನಡೆದ ಹೊತ್ತಿನಲ್ಲೂ ಸ್ಟ್ರೋಲ್ ಮಾಡಿದೆ. ಹೊಸ ಮದುಮಗಳು ನಿಧಾನವಾಗಿ ನಡೆದರೆ ಎಲ್ಲರಿಗೂ ಸಂತೋಷ, ಎಷ್ಟು ನಾಚಿಕೆ ನೋಡಿ ಹುಡುಗಿಗೆ ಎನ್ನುತ್ತಾರೆ. ಸಂಜೆ ಚಿಂತಾಮಣಿಯ ಹತ್ತಿರದ ಅವರ ಹಳ್ಳಿಗೆ ಹೋಗಿ ಇಳಿದೆವು. ಆರತಿ ಎತ್ತಿದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿತ್ತು. ನಮ್ಮಲ್ಲಿ ಗೊತ್ತಲ್ಲ, ಸೊಸೆ ಮನೆ ತುಂಬುವಾಗ ಬಲಗಾಲಿನಿಂದ ಆ ಸೇರನ್ನು ಒದ್ದು ಒಳಗೆ ಬರಬೇಕು.

ಆಗ ನನಗೆ ಹೊಳೆಯಿತು. ಬಲಗಾಲು ಎತ್ತಬೇಕಾದರೆ ಮೈಭಾರವೆಲ್ಲ ಎಡಗಾಲಿನ ಮೇಲೆ ಬೀಳಬೇಕು. ಮೇಷ್ಟ್ರು ನನಗೆ ನಡೆಯುವುದನ್ನು ಕಲಿಸಿದ್ದರು, ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಸಿರಲಿಲ್ಲ. ಅಷ್ಟೆಲ್ಲ ಲೆಕ್ಕ ಹಾಕಿದವರು ಇದೊಂದನ್ನು ಮರೆತಿದ್ದರು. ಅಪ್ಪ ಮರೆತ. ತಾನೇ ಒಂದು ಸಲ ಹೀಗೆ ಸೇರು ಒದ್ದು ನಮ್ಮ ಮನೆಗೆ ಬಂದಿದ್ದ ಅಮ್ಮನೂ ಮರೆತಳು.

"ಒದಿಯಮ್ಮ, ಯಾಕ್ ನಿಂತ್ಕೊಂಡೆ?" ಎಂದು ಯಾರೋ ಹೇಳಿದರು. ಆವಲಪ್ಪನ ಕೈ ಗಟ್ಟಿಯಾಗಿ ಹಿಡಿದು ಬಲಗಾಲು ಎತ್ತಿದೆ. ಎಡಗಾಲು ನಡುಗಿತು. ನಾನು ವಾಲಿದ್ದನ್ನು ಕಂಡು ಅವನು ಗಾಬರಿಯಿಂದ ಕೈ ಬಿಟ್ಟ. ಸೇರಿನ ಮೇಲೇ ಬಿದ್ದೆ. ಅಕ್ಕಿಯೆಲ್ಲ ಹೊಸ್ತಿಲಿಂದ ಆಚೆಗೆ ಚೆಲ್ಲಿತು. ಏಳುವಾಗ ಸ್ಟ್ರೋಲ್ ಎಲ್ಲಿಂದ ಬರಬೇಕು? ನನ್ನ ಸ್ವಂತ ನಡಿಗೆಯಲ್ಲಿ ಕುಂಟುತ್ತಾ ಗೋಡೆ ಹಿಡಿದುಕೊಂಡೆ. ಮುನಿಶಾಮಮ್ಮ ಆರತಿ ತಟ್ಟೆ ಕೆಳಗಿಟ್ಟು ಎದೆ ಬಡಿದುಕೊಂಡಳು. "ಕುಂಟೀನ ತಂದು ನಮ್ ಮನೆಗ್ ಕಟ್ಟಿದ್ರಲ್ಲಪ್ಪೋ! ಮೋಸ ಹೋದ್ವಲ್ಲಪ್ಪೋ!" ಆ ಮನೆಯೊಳಗೆ ನಾನು ಕಾಲಿಡಲೇ ಇಲ್ಲ. ರಾತ್ರಿ ಅವರ ದನದ ಹಟ್ಟಿಯ ಜಗಲಿಯಲ್ಲಿ ಕೂರಿಸಿ, ಬೆಳಿಗ್ಗೆ ಬಸ್ಸು ಹತ್ತಿಸಿ ವಾಪಸ್ಸು ಕಳಿಸಿದರು. ಪರೀಕ್ಷೆ ಬರೆಸುವ ವಿಚಾರ ಮೇಷ್ಟ್ರು ಮಾತಾಡಿದ್ದರಲ್ಲವೇ ಎಂದು ಆವಲಪ್ಪನನ್ನು ಕೇಳಿದೆ. ಅವನು ನನ್ನ ಮುಖ ನೋಡಿದ. "ಯಾವ್ ಪರೀಕ್ಷೆ?" ಎಂದ.

ಪರೀಕ್ಷೆಯ ವಾರವೇ ಅವರ ಊರಿನಲ್ಲಿ ನ್ಯಾಯ ಸೇರಿತು. ನಮ್ಮ ಕ್ಲಾಸಿನವರು ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆ ಬರೆಯುತ್ತಿದ್ದರು. ನಾನು ದೇವಸ್ಥಾನದ ಜಗಲಿಯ ಕೆಳಗೆ, ಕದ್ದು ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ. ಜಗಲಿಯ ಮೇಲೆ ಹಿರಿಯರು, ಅಪ್ಪ, ನರಸಿಂಹಪ್ಪ ಮೇಷ್ಟ್ರು. ಸಂಬಂಧಕ್ಕೆ ನಡುವೆ ನಿಂತವರು ಎಂದು ಅವರನ್ನೂ ಕರೆಸಿದ್ದರು.

"ಹೆಣ್ ನೋಡಕ್ ಹೋದಾಗ ನೆಟ್ಟಗ್ ನಡೆದ್ಯಲ್ಲಮ್ಮ, ಹೆಂಗೆ?" ಎಂದು ಒಬ್ಬ ಹಿರಿಯರು ನನ್ನನ್ನೇ ಕೇಳಿದರು.

"ಹಂಗ್ ನಡೆಯೋದು ಮೇಷ್ಟ್ರು ಕಲಿಸಿದ್ದು" ಎಂದೆ. ಇದ್ದದ್ದನ್ನೇ ಹೇಳಿದೆ. ಅವರೂ ಹೌದು ಎನ್ನುತ್ತಾರೆ, ತಪ್ಪು ನಮ್ಮದು, ಮಗುವಿನದಲ್ಲ ಎನ್ನುತ್ತಾರೆ ಎಂದು ಕಾದೆ.

ಹಿರಿಯರು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡರು.

"ನಾನು ಕಲಿಸೋದು ಇಂಗ್ಲಿಷು ಸ್ವಾಮಿ. ಈ ಹುಡುಗಿ ಕುಂಟಿದ್ದನ್ನ ನಾನು ಯಾವತ್ತೂ ಕಂಡಿಲ್ಲ. ನನ್ ಕಣ್ಣಿಗೂ ಮರೆಮಾಚಿ ನಡೆದಿದಾಳೆ ಅಂತ ಕಾಣ್ತದೆ."

ಊರಿನ ಶಾನುಭೋಗರು, ಶೆಟ್ಟರು, ಪೋಸ್ಟಿನವನು, ಕುಡುಕರು, ಎಲ್ಲರ ಹೆಜ್ಜೆಯನ್ನೂ ಕಂಡ ಆ ಕಣ್ಣು ನನ್ನ ಕಾಲನ್ನು ಮಾತ್ರ ಕಂಡಿರಲಿಲ್ಲವಂತೆ! ಅಪ್ಪನ ಕಡೆ ನೋಡಿದೆ. ಹಡೆದ ಅಪ್ಪ, ಕಟ್ಟು ಕಟ್ಟಿಸಿದವನು. ಮೇಷ್ಟ್ರ ಮಾತಿಗೆ ನಿಧಾನವಾಗಿ ತಲೆ ಆಡಿಸಿದ. ಹಾಗಾಗಿ ಹಿರಿಯರು ಇಬ್ಬರನ್ನೂ ಬಿಟ್ಟರು, ತಾಳಿ ಕಳಚಿಕೊಂಡು ನನ್ನನ್ನೂ ಬಿಟ್ಟರು. ಹದಿನೇಳು ವರ್ಷದ ಹುಡುಗಿ ಇಷ್ಟು ಜನಕ್ಕೆ ಮಂಕುಬೂದಿ ಎರಚಿದಳಲ್ಲ ಎಂದು ಹೆಂಗಸರು ಕೈ ತಟ್ಟಿ ತಟ್ಟಿ ಮಾತಾಡಿಕೊಂಡರು. ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ಅದು ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಬಸ್ಸಿನಲ್ಲಿ ಬರುವಾಗ, ನ್ಯಾಯಕ್ಕೆ ಜೊತೆಗೆ ಬಂದಿದ್ದ ಅಮ್ಮ, "ನಿನ್ ಒಳ್ಳೇದಕ್ಕೆ ಅಂತ ಮಾಡಿದ್ದು ಕಣಮ್ಮ" ಎಂದಳು. ಹೆಗಲ ಮೇಲಿಟ್ಟ ಅವಳ ಕೈಯನ್ನು ಕೊಡವಿ ಹಾಕಿದೆ.

ಆಮೇಲಿನದನ್ನು ಉದ್ದ ಮಾಡುವುದಿಲ್ಲ. ಕೆಲವು ವರ್ಷ ಮನೆಯಲ್ಲೇ ಹುಳು ಮೇಯಿಸಿದೆ. ತಟ್ಟೆಗಳಿಗೆ ಸೊಪ್ಪು ಹಾಕುತ್ತಾ, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿಡುತ್ತಾ, ಹಳೆಯ ಪುಸ್ತಕ ಓದಿದೆ. ನನ್ನನ್ನು ಇನ್ನು ಯಾರೂ ಮಾಡಿಕೊಳ್ಳುವುದಿಲ್ಲ ಎಂದು ಗೊತ್ತಾದ ಮೇಲೆ ಅಪ್ಪನಿಗೂ ನನ್ನ ಓದಿಗೆ ಅಡ್ಡ ಬರಲು ಕಾರಣವಿರಲಿಲ್ಲ. ಮೇಷ್ಟ್ರ ಸಹಾಯ ಕೇಳಲಿಲ್ಲ, ಅವರೂ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಅವರು ಅಂಗಡಿಯ ಕಡೆ ಮುಖ ತಿರುಗಿಸುತ್ತಿದ್ದರು. ಪ್ರೈವೇಟಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ, ಟ್ರೈನಿಂಗ್ ಮುಗಿಸಿದೆ. ಮೊದಲು ಗೌರಿಬಿದನೂರಿನ ಕಡೆಯ ಒಂದು ಹಳ್ಳಿ, ಈಗ ನಂದಿ. ಕೊಡೆ ತೆಗೆದುಕೊಂಡೆ. ನನ್ನ ಕ್ಲಾಸಿನ ಮಕ್ಕಳಿಗೆ ವಾಕ್ ಎಂಬ ಪದ ಹೇಳಿಕೊಡುವಾಗ ಮೊದಲು ಹೇಳುವುದು ಲಿಂಪ್. ಬೋರ್ಡಿನ ಈ ಕಡೆಯಿಂದ ಆ ಕ‌ಡೆಗೆ ನಾನೇ ನಡೆದು ತೋರಿಸುತ್ತೇನೆ. ಇದು ಲಿಂಪ್, ನಿಮ್ಮ ಟೀಚರ್ ಹೀಗೆ ನಡೆಯುತ್ತಾರೆ, ಈಗ ಮಿಕ್ಕಿದ್ದನ್ನು ಕಲಿಯೋಣ ಎನ್ನುತ್ತೇನೆ. ಮಕ್ಕಳು ಒಂದು ಸಲ ನೋಡಿ ಬರೆದುಕೊಳ್ಳುತ್ತಾರೆ. ಅಷ್ಟೇ.

ಈ ವರ್ಷ, ಅರವತ್ತೇಳರಲ್ಲಿ, ಮೇಷ್ಟ್ರು ನಿವೃತ್ತರಾದರು. ನನ್ನ ಕ್ಲಾಸಿನಲ್ಲಿದ್ದ ಕೋನಪ್ಪ ನಂದಿಗೆ ಹುಡುಕಿಕೊಂಡು ಬಂದ. "ಸನ್ಮಾನ ಇಟ್ಕೊಂಡಿದೀವಿ ರತ್ನಮ್ಮ. ನೀನು ಬರ್ಲೇಬೇಕು ಅಂತ ಮೇಷ್ಟ್ರೇ ಹೆಸರು ಹೇಳಿ ಕಳ್ಸಿದಾರೆ."

ಅವನನ್ನು ಬೈದು ಕಳಿಸಬೇಕಿತ್ತು. ಆದರೆ ಹೆಸರು ಹೇಳಿ ಕಳಿಸಿದ್ದಾರೆ ಎಂದ ಕೂಡಲೇ ಮನಸ್ಸು ಮೆತ್ತಗಾಯಿತು. ವಯಸ್ಸಾಗಿದೆ, ಪಶ್ಚಾತ್ತಾಪ ಹುಟ್ಟಿರಬಹುದು. ತಪ್ಪಾಯಿತಮ್ಮ ಎಂದು ಒಂದು ಮಾತು, ಯಾರಿಗೂ ಕೇಳಿಸದ ಹಾಗೆ ಅಂದರೂ ಸಾಕು, ಚಿಂತಾಮಣಿಯ ಜಗಲಿಯನ್ನು ಅಲ್ಲೇ ಮರೆತು ಕಾಲಿಗೆ ಬಿದ್ದು ಬರುತ್ತೇನೆ ಎಂದುಕೊಂಡೆ. ದಾರಿಯುದ್ದಕ್ಕೂ ಅದೇ ಒಂದು ಆಸೆ. ಹಾರ ಕೂಡ ಕೊಂಡುಕೊಂಡು ಹೋದೆ.

ಪೆಂಡಾಲು ತುಂಬಿತ್ತು. ಅಪ್ಪ, ಅಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಹಿಂದೆ ಕೂತೆ. ಶಾಲು ಹೊದಿಸಿದ ಮೇಲೆ ಮೇಷ್ಟ್ರು ಮೈಕಿನ ಮುಂದೆ ನಿಂತು ಹಳೆಯ ಪಾಠ ನೆನಪಿಸಿದರು. ಸ್ಟ್ರಟ್, ವಾಡಲ್, ಶಫಲ್. ಜನ ನಕ್ಕರು. ಆಮೇಲೆ ದನಿ ತಗ್ಗಿಸಿದರು.

"ಇದೆಲ್ಲಾ ಹೋಗ್ಲಿ. ಕಾಲು ಊನ ಇದ್ದ ಒಂದು ಹೆಣ್ಣುಮಗು ನನ್ ಹತ್ರ ಕಲಿಯಕ್ ಬಂತು. ದಿನಾ ಸಂಜೆ ಕೆರೆ ಏರಿ ಮೇಲೆ ನಡೆಸಿ ನಡೆಸಿ, ಯಾರಿಗೂ ಕುಂಟು ಅಂತ ಗೊತ್ತಾಗ್ದಂಗೆ ಮಾಡ್ದೆ. ನಾನ್ ಬಿಡ್ಸಿದ್ದು ಅದರ ಕುಂಟು! ಇವತ್ತು ಆ ಮಗು ಮೇಷ್ಟ್ರಮ್ಮ. ಇಲ್ಲೇ ಬಂದಿದೆ. ಬಾಮ್ಮ ರತ್ನ, ಎಲ್ರಿಗೂ ನಡೆದು ತೋರ್ಸು. ಸ್ಟ್ರೋಲ್!"

ಚಪ್ಪಾಳೆ ಬಿತ್ತು. ಎಲ್ಲರೂ ಹಿಂದೆ ತಿರುಗಿ ನೋಡಿದರು. ಆಹಾ, ನನ್ನನ್ನು ಕರೆಸಿದ್ದು ಇದಕ್ಕಾಗಿ! ಹಾರವನ್ನು ಬೆಂಚಿನ ಮೇಲೆ ಬಿಟ್ಟು ಎದ್ದೆ. ಬೆಂಚುಗಳ ನಡುವಿನ ದಾರಿಯಲ್ಲಿ ನಡೆದೆ, ನನ್ನ ನಡಿಗೆಯಲ್ಲಿ. ಹಿಮ್ಮಡಿ ಪೂರ್ತಿ ಊರಿ, ಸೊಂಟ ವಾಲಿಸಿ, ಚೆನ್ನಾಗಿ ಕುಂಟುತ್ತಾ. ಚಪ್ಪಾಳೆ ಒಂದೊಂದಾಗಿ ನಿಂತಿತು. "ನಿಧಾನ ಅಮ್ಮ, ಮುಂಗಾಲು, ಮುಂಗಾಲು" ಎಂದು ಮೇಷ್ಟ್ರು ಗೊಣಗಿದ್ದನ್ನು ಮೈಕು ಊರಿಗೆಲ್ಲ ಕೇಳಿಸಿತು.

ಮೆಟ್ಟಿಲು ಹತ್ತಿ ಅವರ ಎದುರಿಗೆ ನಿಂತೆ.

"ಮೇಷ್ಟ್ರೇ, ಚಿಂತಾಮಣಿ ನ್ಯಾಯದಲ್ಲಿ ಈ ಹುಡುಗಿ ಕುಂಟಿದ್ದನ್ನ ಯಾವತ್ತೂ ಕಂಡಿಲ್ಲ, ಮೋಸ ಅವಳದೇ ಅಂದ್ರಿ. ಇವತ್ತು ಕುಂಟು ಬಿಡ್ಸಿದ್ದು ನಾನೇ ಅಂತೀರ. ಎರಡರಲ್ಲಿ ಯಾವ್ದು ನಿಜ?"

ಅವರು ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಪಶ್ಚಾತ್ತಾಪ ಇರಲಿಲ್ಲ. ಇಂಥ ಶುಭ ದಿನದಲ್ಲಿ ಹೀಗೆ ಮಾಡಿದಳಲ್ಲ ಎಂಬ ಬೇಸರ ಇತ್ತು. ಕೋನಪ್ಪನ ಕಡೆ ತಿರುಗಿ, "ಮೈಕ್ ಆಫ್ ಮಾಡೋ" ಎಂದರು.

ಕೋನಪ್ಪ ಆಫ್ ಮಾಡಿದ. ನಾನು ದಿನಾ ಒಂದು ಕ್ಲಾಸು ತುಂಬ ಮಕ್ಕಳಿಗೆ ಪಾಠ ಹೇಳುವವಳು, ನನ್ನ ದನಿಗೆ ಮೈಕು ಬೇಕಿರಲಿಲ್ಲ.

"ಹೋಗ್ಲಿ, ಅದನ್ನ ಬಿಡಿ. ನಾನೀಗ ನಡ್ಕೊಂಡ್ ಬಂದ್ನಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ? ಅದನ್ನಾದ್ರೂ ಹೇಳಿ."

ಮೇಷ್ಟ್ರು ಶಾಲು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ನಾನು ಕೆಳಗೆ ಇಳಿದೆ. ಬೆಂಚುಗಳ ನಡುವೆ ಬಂದ ದಾರಿಯಲ್ಲೇ ಹೊರಟೆ. ಪೆಂಡಾಲಿನ ಬಾಗಿಲ ಹತ್ತಿರ ಬಂದಾಗ ಬೆನ್ನ ಹಿಂದೆ, ವೇದಿಕೆಯ ಕಡೆಯಿಂದ ಒಬ್ಬರು "ಗುರುದ್ರೋಹಿ!" ಎಂದು ಕೂಗಿದರು. ಊರಿನವರ ಬಾಯಿಗೆ ಆ ಹೆಸರು ಸಿಕ್ಕಿದ್ದು ಅಲ್ಲಿಂದಲೇ. ಯಾರೆಂದು ತಿರುಗಿ ನೋಡಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ದನಿ, ನಮ್ಮಪ್ಪನದು.